ಉಗ್ರಾಣದಲ್ಲಿ ದೊರೆತ ರಂಗದೀಪಗಳನ್ನು ಗುರುತಿಸುವ ಕ್ರಮ

ದಾಂಡೇಲಿಯಿಂದ ಕುಳಗಿಯ ಮಾರ್ಗವಾಗಿ ಅಂಬಿಕಾನಗರಕ್ಕೆ ಹೋಗುವವರು ದಟ್ಟವಾದ ಅರಣ್ಯವನ್ನು ದಾಟಿ ಹೋಗುವರು. ಆ ಅರಣ್ಯದ ಆಚೆ, ನಾಗಝರಿಯ ವಿದ್ಯುದಾಗಾರದಲ್ಲಿ, ಕಾಳೀನದಿಯ ನೀರಿನ ಬಲವು ವಿದ್ಯುಚ್ಛಕ್ತಿಯಾಗಿ ಮಾರ್ಪಟ್ಟು ನಾಡಿನ ಅನೇಕ ಊರುಗಳನ್ನು ಬೆಳಗುತ್ತದೆ. ಇದೇ ಸೀಮೆಯಲ್ಲಿ ನಮ್ಮ ಹಿರಿಯರು ಎಣ್ಣೆಯ ಪಂಜಿನ ಬೆಳಕಿನಲ್ಲಿ ಕುಳಿತು ಆಟಗಳನ್ನು ನೋಡಿದರು. ಪಂಜಿನಿಂದ ವಿದ್ಯುದ್ದೀಪದ ವರೆಗೆ ರಂಗಭೂಮಿಯು ನಡೆದು ಬಂದ ದಾರಿಯನ್ನು ತಿಳಿಯಬೇಕೆಂದರೆ ಹಳೆಯ ನಾಟಕಶಾಲೆಯ ಉಗ್ರಾಣವೇ ಒಳ್ಳೆಯ ಪಾಠಶಾಲೆ.

ವಿದ್ಯಾರ್ಥಿನಿಯರೇ, ಅಂಥ ಒಂದು ಉಗ್ರಾಣದ ಬಾಗಿಲನ್ನು ಈಗ ತೆರೆದೆವೆಂದು ಭಾವಿಸೋಣ. ಹರಿದ ಪರದೆ, ಬಣ್ಣ ಮಾಸಿದ ಮರದ ಸಿಂಹಾಸನ, ಮೂಲೆಯಲ್ಲಿ ಧೂಳು ಹಿಡಿದ ಲೋಹದ ಡಬ್ಬಿಗಳ ರಾಶಿ. ಗುಜರಿಯವನು ಇವುಗಳನ್ನು ತೂಕಕ್ಕೆ ಕೊಳ್ಳುವನು. ಆತನಿಗೆ ಅದು ತಗಡು, ಅಲ್ಯುಮಿನಿಯಮ್, ತಾಮ್ರ, ಅಷ್ಟೇ. ಆದರೆ ಒಂದೊಂದು ಡಬ್ಬಿಯೂ ಒಂದು ಕಾಲದ ಕತ್ತಲೆಯನ್ನು ಹೇಗೆ ಓಡಿಸಿತೆಂಬುದನ್ನು ಹೇಳಬಲ್ಲದು. ಕೇಳಬೇಕಾದ ಪ್ರಶ್ನೆಗಳನ್ನು ನಾವು ತಿಳಿದಿರಬೇಕು.

ಮೊದಲನೆಯ ನಿಯಮವು ಇದು: ಗುರುತಿಸುವ ಮೊದಲು ಯಾವ ದೀಪವನ್ನೂ ವಿದ್ಯುತ್ತಿಗೆ ಜೋಡಿಸಕೂಡದು. ಹಳೆಯ ತಂತಿಯ ರಬ್ಬರು ಒಣಗಿ ಪುಡಿಯಾಗಿರುತ್ತದೆ; ಒಳಗಿನ ತಾಮ್ರವು ಲೋಹದ ಮೈಗೆ ತಗಲಿದ್ದರೆ ಮುಟ್ಟಿದವರ ಪ್ರಾಣಕ್ಕೆ ಅಪಾಯ. ಎರಡನೆಯದು: ದೀಪದೊಳಗಿಂದ ಹೊರಬರುವ ತಂತಿಯ ಮೇಲೆ ಬಿಳಿಯ ನೂಲಿನಂತಹ ನೇಯ್ಗೆ ಕಂಡರೆ ಅದನ್ನು ಉಜ್ಜಕೂಡದು, ಊದಕೂಡದು, ಪೊರಕೆಯಿಂದ ಗುಡಿಸಕೂಡದು. ಅದು ಕಲ್ನಾರು ಆಗಿರಬಹುದು. ಶಾಖವನ್ನು ತಡೆಯುವುದೆಂದು ಹಿಂದಿನವರು ಅದನ್ನು ಬಳಸಿದರು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶದಲ್ಲಿ ಸೇರಿಕೊಂಡರೆ ಹತ್ತಾರು ವರುಷಗಳ ತರುವಾಯ ಕಠಿಣ ರೋಗವನ್ನು ಉಂಟುಮಾಡಬಲ್ಲವು. ಅಂಥ ದೀಪವನ್ನು ಇದ್ದಲ್ಲಿಯೇ ಬಿಟ್ಟು ತಿಳಿದವರನ್ನು ಕರೆಯತಕ್ಕದ್ದು.

ಇನ್ನು ಗುರುತಿಸುವ ಕ್ರಮ. ಮೊದಲು ಕೇಳತಕ್ಕ ಪ್ರಶ್ನೆ, ಈ ದೀಪವು ಏನನ್ನು ಉಂಡು ಬೆಳಗುತ್ತಿತ್ತು ಎಂಬುದು.

ಎಣ್ಣೆಯನ್ನು ಉಂಡವುಗಳಲ್ಲಿ ಪಂಜು, ದೀವಟಿಗೆಗಳು ಹಳೆಯವು. ಕರಾವಳಿಯ ಯಕ್ಷಗಾನವಾಗಲಿ ಬಯಲುಸೀಮೆಯ ದೊಡ್ಡಾಟವಾಗಲಿ ಹಿಂದೆ ಇವುಗಳ ಬೆಳಕಿನಲ್ಲಿಯೇ ನಡೆಯುತ್ತಿದ್ದವು. ಅಲುಗುವ ಕೆಂಪು ಬೆಳಕಿನಲ್ಲಿ ದೂರದವರಿಗೂ ಮುಖವು ತೋರಬೇಕಾದುದರಿಂದ ದಟ್ಟವಾದ ಬಣ್ಣಗಾರಿಕೆಯೂ ಹೊಳೆಯುವ ಕಿರೀಟಾಭರಣಗಳೂ ಅಲ್ಲಿ ಚೆನ್ನಾಗಿ ಒಪ್ಪಿದವು. ಬಳಿಕ ಬಂದದ್ದು ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್. ನಮ್ಮ ಜನರು ಇದನ್ನು ಗ್ಯಾಸ್‌ಲೈಟು ಎಂದೇ ಕರೆದರು. ಕೆಳಗೆ ಎಣ್ಣೆಯ ಬುರುಡೆ, ಅದರ ಪಕ್ಕದಲ್ಲಿ ಗಾಳಿ ಹೊಡೆಯುವ ಪಂಪು, ಮೇಲೆ ಗಾಜಿನ ಬುರುಡೆ, ಅದರೊಳಗೆ ಮ್ಯಾಂಟಲ್ ಎಂಬ ಬಟ್ಟೆಯ ಚೀಲ. ಇವುಗಳಿಂದ ಅದನ್ನು ಸುಲಭವಾಗಿ ಗುರುತಿಸಬಹುದು. ಒತ್ತಡದಿಂದ ಮೇಲೇರಿದ ಎಣ್ಣೆಯು ಕಾದು ಆವಿಯಾಗಿ ಉರಿಯುವಾಗ ಮ್ಯಾಂಟಲು ಬಿಳಿಯಾಗಿ ಪ್ರಜ್ವಲಿಸುವುದು. ಈ ಮ್ಯಾಂಟಲನ್ನು ಆಸ್ಟ್ರಿಯ ದೇಶದ ಆವರ್ ಫೊನ್ ವೆಲ್ಸ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನು 1885ರಲ್ಲಿ ಕಂಡುಹಿಡಿದನು. ಹಳೆಯ ಮ್ಯಾಂಟಲುಗಳಲ್ಲಿ ಥೋರಿಯಮ್ ಎಂಬ ವಿಕಿರಣವುಳ್ಳ ಧಾತು ಇರುವುದರಿಂದ ಅದರ ಪುಡಿಯನ್ನು ಮೂಸಕೂಡದು.

ವಿದ್ಯುತ್ತನ್ನು ಉಂಡ ದೀಪಗಳು ಬೇರೆಯ ಕುಲ. ಲಂಡನ್ನಿನ ಸಾವೊಯ್ ನಾಟಕಶಾಲೆಯು 1881ರಲ್ಲಿ ಸುಮಾರು 1200 ವಿದ್ಯುದ್ದೀಪಗಳಿಂದ ಬೆಳಗಿತು. ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಇವುಗಳನ್ನು ವಿಂಗಡಿಸಲು ಎರಡನೆಯ ಪ್ರಶ್ನೆಯನ್ನು ಕೇಳಬೇಕು: ಬೆಳಕು ಹೊರಬರುವ ಬಾಯಿ ಹೇಗಿದೆ?

ಬಾಯಿಗೆ ಗಾಜೇ ಇಲ್ಲದೆ, ಒಳಗೆ ಬರಿಯ ಹೊಳೆಯುವ ತಗಡಿದ್ದರೆ ಅದು ಫ್ಲಡ್ ದೀಪ. ಪರದೆಯ ಮೇಲೆ ಆಕಾಶವನ್ನು ತೋರಿಸಲು ಬೆಳಕನ್ನು ಅಗಲವಾಗಿ ಚೆಲ್ಲುವುದು ಇದರ ಕೆಲಸ. ಅಂಥ ಅನೇಕ ದೀಪಗಳನ್ನು ಉದ್ದವಾದ ಒಂದೇ ತೊಟ್ಟಿಯಲ್ಲಿ ಸಾಲಾಗಿ ಕೂಡಿಸಿದ್ದರೆ, ಅದು ರಂಗದ ಅಂಚಿನಲ್ಲಿ ನಟರ ಪಾದದ ಬಳಿ ಇರಿಸುತ್ತಿದ್ದ ಫುಟ್‌ಲೈಟು ಆಗಿರಬಹುದು, ಇಲ್ಲವೆ ಮೇಲೆ ತೂಗುಹಾಕುತ್ತಿದ್ದ ಬ್ಯಾಟನ್ ಆಗಿರಬಹುದು. ತೂಗುಹಾಕುವ ಕೊಂಡಿಗಳಿದ್ದರೆ ಎರಡನೆಯದೆಂದು ತಿಳಿಯಿರಿ.

ಬಾಯಿಯಲ್ಲಿ ನುಣುಪಾದ, ಹೊರಗೆ ಉಬ್ಬಿದ ದಪ್ಪ ಗಾಜಿದ್ದರೆ ಅದು ಹಳೆಯ ಸ್ಪಾಟ್ ದೀಪ. ಒಂದರೊಳಗೊಂದು ಉಂಗುರಗಳಂತೆ ಮೆಟ್ಟಿಲು ಮೆಟ್ಟಿಲಾದ ಗಾಜಿದ್ದರೆ ಅದು ಫ್ರೆನೆಲ್. ಫ್ರಾನ್ಸ್ ದೇಶದ ಫ್ರೆನೆಲ್ ಎಂಬ ವಿಜ್ಞಾನಿಯು 1822ರ ಸುಮಾರಿಗೆ ಕಡಲಿನ ದೀಪಸ್ತಂಭಗಳಿಗಾಗಿ ಈ ಗಾಜನ್ನು ಯೋಜಿಸಿದನು. ದಪ್ಪ ಗಾಜಿನ ಬಾಗಿದ ಮೈಯನ್ನು ಮಾತ್ರ ಉಳಿಸಿಕೊಂಡು ನಡುವಿನ ಭಾರವನ್ನು ಕಡಿದುಹಾಕಿದುದೇ ಅವನ ಉಪಾಯ. ನಾವಿಕರಿಗೆ ದಡವನ್ನು ತೋರಿಸಿದ ಗಾಜು ಕಾಲಕ್ರಮದಲ್ಲಿ ರಂಗದ ಮೇಲಿನ ರಾಣಿಯ ಮುಖಕ್ಕೂ ಬೆಳಕನ್ನು ಕೊಟ್ಟಿತು. ಫ್ರೆನೆಲ್ಲಿನ ಬೆಳಕಿಗೆ ಅಂಚು ಮೃದು. ಅಂಚು ಕತ್ತರಿಸಿದಂತೆ ಚೂಪಾಗಿರಬೇಕಾದರೆ ಪ್ರೊಫೈಲ್ ದೀಪವು ಬೇಕು; ಉದ್ದವಾದ ಕೊಳವೆಯೂ ಮೈಯ ನಡುವೆ ನಾಲ್ಕು ಕಡೆಯಿಂದ ಒಳಗೆ ಸರಿಯುವ ತಗಡಿನ ಅಲಗುಗಳೂ ಅದರ ಗುರುತು.

ಮೂರನೆಯ ಪ್ರಶ್ನೆ: ಮೈಮೇಲೆ ಏನು ಬರೆದಿದೆ? ಲಂಡನ್ನಿನಲ್ಲಿ 1914ರಲ್ಲಿ ಹುಟ್ಟಿದ ಸ್ಟ್ರಾಂಡ್ ಎಲೆಕ್ಟ್ರಿಕ್ ಸಂಸ್ಥೆಯು ತನ್ನ ಒಂದೊಂದು ಮಾದರಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದರ ಹಿಂದೆ ‘ಪ್ಯಾಟ್’ ಎಂಬ ಸಂಕ್ಷೇಪವನ್ನು ಹಾಕುತ್ತಿತ್ತು. ಮಾದರಿ ಎಂಬುದೇ ಅದರ ಅರ್ಥ. ‘ಪ್ಯಾಟ್ 23’ ಎಂದಿದ್ದರೆ ಅದು 1953ರಲ್ಲಿ ಹೊರಬಂದ, 500 ವಾಟಿನ, ಎರಕದ ಅಲ್ಯುಮಿನಿಯಮ್ ಮೈಯುಳ್ಳ ಚಿಕ್ಕ ಸ್ಪಾಟ್ ದೀಪ. ‘ಪ್ಯಾಟ್ 123’ ಎಂದಿದ್ದರೆ ಅದು ಫ್ರೆನೆಲ್. ಯಾವ ಬರಹವೂ ಇಲ್ಲದೆ, ಎಣ್ಣೆಯ ಡಬ್ಬಿಯನ್ನೋ ಬಿಸ್ಕತ್ತಿನ ಡಬ್ಬಿಯನ್ನೋ ಕತ್ತರಿಸಿ ಮಾಡಿದ ದೀಪವು ದೊರೆತರೆ ಅದನ್ನು ಕೀಳೆಂದು ಎಣಿಸಬೇಡಿರಿ. ಹಣವಿಲ್ಲದ ನಮ್ಮ ನಾಟಕ ತಂಡಗಳ ಬುದ್ಧಿವಂತಿಕೆಗೆ ಅದೇ ಸಾಕ್ಷಿ. ಬಂಗಾಳದ ಪ್ರಖ್ಯಾತ ಬೆಳಕಿನ ಕಲಾವಿದರಾದ ತಾಪಸ್ ಸೇನರೂ ಇಂಥ ಅಲ್ಪ ಸಾಧನಗಳಿಂದಲೇ 1959ರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೊಳಗೆ ನೀರು ನುಗ್ಗುವುದನ್ನು ಪ್ರೇಕ್ಷಕರ ಕಣ್ಣಿಗೆ ತೋರಿಸಿದರು.

ದೀಪವಲ್ಲದ ಕೆಲವು ವಸ್ತುಗಳೂ ಅಲ್ಲಿರುವುವು. ಉಪ್ಪುನೀರಿನ ಕಲೆ ಹಿಡಿದ ಮಣ್ಣಿನ ಜಾಡಿಯೂ ಅದರೊಳಗೆ ಎರಡು ಲೋಹದ ತಟ್ಟೆಗಳೂ ಕಂಡರೆ ಉಪ್ಪಿನಕಾಯಿಯ ಪಾತ್ರೆಯೆಂದು ಬಿಸಾಡಬೇಡಿರಿ. ಅದು ಬೆಳಕನ್ನು ಏರಿಸಿ ಇಳಿಸುತ್ತಿದ್ದ ಡಿಮ್ಮರ್. ಒಂದು ತಟ್ಟೆಯು ತಳದಲ್ಲಿ ಸ್ಥಿರವಾಗಿರುವುದು. ಇನ್ನೊಂದನ್ನು ಹಗ್ಗದಿಂದ ಇಳಿಸಿದಷ್ಟೂ ಉಪ್ಪುನೀರಿನ ಮೂಲಕ ವಿದ್ಯುತ್ತು ಹೆಚ್ಚಾಗಿ ಹರಿದು ದೀಪವು ಬೆಳಗುವುದು, ಎತ್ತಿದಷ್ಟೂ ಮಂಕಾಗುವುದು. ನಾಟಕದ ಸೂರ್ಯೋದಯವು ಒಬ್ಬನ ಕೈಯಲ್ಲಿದ್ದ ಹಗ್ಗದಿಂದ ಆಗುತ್ತಿತ್ತು! ಆದರೆ ತೆರೆದ ನೀರಿನಲ್ಲಿ ವಿದ್ಯುತ್ತು ಹರಿಯುವ ಈ ಉಪಾಯವು ಅತ್ಯಂತ ಅಪಾಯಕರವಾದುದು. ತಿಳಿಯಲಿಕ್ಕೆ ಮಾತ್ರವಲ್ಲದೆ ಮಾಡಿನೋಡಲಿಕ್ಕೆ ಅಲ್ಲ. ಬಣ್ಣದ ತೆಳು ಹಾಳೆಗಳು ದೊರೆತರೆ ಒಂದು ಚೂರಿನ ಮೇಲೆ ನೀರಿನ ಹನಿಯನ್ನು ಬಿಡಿರಿ: ಮೆತ್ತಗಾಗಿ ಅಂಟಾದರೆ ಅದು ಹಳೆಯ ಜೆಲಟಿನ್, ಹಾಗೆಯೇ ಉಳಿದರೆ ಅನಂತರದ ಪ್ಲಾಸ್ಟಿಕ್.

ಇಷ್ಟೊಂದು ಶ್ರಮವೇತಕ್ಕೆ ಎಂದು ಕೇಳುವಿರಾದರೆ ಒಂದು ಸಂಗತಿಯನ್ನು ಕೇಳಿರಿ. 1903ರ ದಶಂಬರ 30ರಂದು ಅಮೇರಿಕದ ಶಿಕಾಗೊ ನಗರದ ಇರೋಕ್ವಾ ನಾಟಕಶಾಲೆಯಲ್ಲಿ ಆರ್ಕ್ ದೀಪವೊಂದರ ಕಿಡಿಯು ಪರದೆಗೆ ತಗಲಿತು. ಅಂದು ಮಧ್ಯಾಹ್ನ ನಾಟಕ ನೋಡಲು ಬಂದವರಲ್ಲಿ ಹೆಂಗಸರೂ ಮಕ್ಕಳೂ ಬಹಳ ಮಂದಿ. 600ಕ್ಕೂ ಹೆಚ್ಚು ಜನರು ಮಡಿದರು. ದೀಪದ ಗುಣವನ್ನು ಅರಿಯದವರ ಕೈಯಲ್ಲಿ ದೀಪವು ಬೆಂಕಿಯೇ ಆಗುವುದು. ಎರಡು ಇದ್ದಲಿನ ಕಡ್ಡಿಗಳನ್ನು ಎದುರುಬದುರಾಗಿ ಹಿಡಿಯುವ ಕೊಕ್ಕೆಗಳು ಯಾವುದಾದರೂ ಡಬ್ಬಿಯೊಳಗೆ ಕಂಡರೆ ಅದು ಇಂಥದೇ ಆರ್ಕ್ ದೀಪವೆಂದು ತಿಳಿದು ದೂರವಿರಿ.

ಇನ್ನೊಂದು ಕಾರಣವೂ ಉಂಟು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವದ ದೃಶ್ಯಗಳನ್ನು ನೆನೆಯುವವರು ಗುಬ್ಬಿ ವೀರಣ್ಣನವರ ಹೆಸರನ್ನು ಹೇಳುವರು. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟವು ದೀಪಗಳನ್ನೂ ಹೇರಿಕೊಂಡು ಊರೂರಿಗೆ ಹೋದುದನ್ನು ಅನೇಕರು ಬಲ್ಲರು. ಆದರೆ ಪರದೆಯ ಹಿಂದೆ ನಿಂತು ಹಗ್ಗವನ್ನು ಎಳೆದವರ, ಪಂಪು ಹೊಡೆದವರ, ಸುಡುವ ಡಬ್ಬಿಯನ್ನು ಬಟ್ಟೆ ಸುತ್ತಿದ ಕೈಯಿಂದ ತಿರುಗಿಸಿದವರ ಹೆಸರುಗಳು ಕರಪತ್ರದಲ್ಲಿ ಬಂದದ್ದು ವಿರಳ. ಅವರು ಬಿಟ್ಟುಹೋದ ಬರಹವೆಂದರೆ ಈ ವಸ್ತುಗಳೇ.

ಆದುದರಿಂದ ನಿಮ್ಮ ಊರಿನಲ್ಲಿ ಇಂಥ ಉಗ್ರಾಣವಿದ್ದರೆ ದೊಡ್ಡವರ ಅನುಮತಿಯನ್ನು ಪಡೆದು, ಅವರ ಜೊತೆಯಲ್ಲಿ ಒಂದು ಕೆಲಸವನ್ನು ಮಾಡಿರಿ. ಒಂದೊಂದು ವಸ್ತುವಿಗೂ ಒಂದು ಚೀಟಿ. ಅದರಲ್ಲಿ ಕ್ರಮಸಂಖ್ಯೆ, ದೊರೆತ ಸ್ಥಳ, ಉದ್ದಗಲ, ಗಾಜಿನ ವಿಧ, ಮೈಮೇಲಿನ ಅಕ್ಷರ ಮತ್ತು ಅಂಕೆಗಳನ್ನು ಕಂಡಂತೆಯೇ ಬರೆಯಿರಿ. ಊಹೆಯನ್ನು ಬೇರೆ ಸಾಲಿನಲ್ಲಿ ಊಹೆಯೆಂದೇ ಬರೆಯಿರಿ. ನಾಲ್ಕು ಕಡೆಯಿಂದ ಚಿತ್ರವನ್ನು ತೆಗೆಯಿರಿ. ಕೊನೆಗೆ, ಊರಿನಲ್ಲಿ ಹಿಂದೆ ನಾಟಕಗಳಿಗೆ ದೀಪ ಹಿಡಿದ ಅಜ್ಜಂದಿರು ಯಾರಾದರೂ ಇದ್ದರೆ ಅವರಿಗೆ ಅದನ್ನು ತೋರಿಸಿ, “ಅಜ್ಜಾ, ಇದನ್ನು ನೀವು ಏನೆಂದು ಕರೆಯುತ್ತಿದ್ದಿರಿ?” ಎಂದು ಕೇಳಿರಿ. ಅವರು ಹೇಳಿದ ಹೆಸರನ್ನು ಮೊದಲು ಬರೆದು, ಪುಸ್ತಕದ ಹೆಸರನ್ನು ಅದರ ಕೆಳಗೆ ಬರೆಯಿರಿ. ಪುಸ್ತಕದ ಹೆಸರು ಎಲ್ಲಿಯಾದರೂ ದೊರೆಯುವುದು. ಅಜ್ಜನ ಮಾತು ಅವರೊಡನೆಯೇ ಹೋಗಿಬಿಡುವುದು.