ಬಯಾನಾ ಕೊಡುವ ಮೊದಲು: ಗೊತ್ತಿಲ್ಲದ ಟ್ಯೂನಿನ ಪರೀಕ್ಷೆ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರೊಬ್ಬರು ಲೆಕ್ಕಪತ್ರದ ಗುಮಾಸ್ತರು. ಆರು ವರ್ಷ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಾರು ಕೊಳ್ಳಲು ಹೊರಟರು. ಸಿಕ್ಕಿದ್ದು 2015ರ ಪೋಲೊ ಜಿಟಿ, ಟರ್ಬೊ ಪೆಟ್ರೋಲಿನದು. "ಟ್ಯೂನ್ ಮಾಡಿಸಿದ ಗಾಡಿ, ಬಾಣದ ಹಾಗೆ ಹೋಗುತ್ತದೆ" ಎಂದರು ಮಾರುವವರು. ಯಾರು ಮಾಡಿದರು, ಏನು ಬದಲಿಸಿದರು ಎಂದರೆ ಉತ್ತರವಿಲ್ಲ. ಅವರೂ ಇನ್ನೊಬ್ಬರಿಂದ ಕೊಂಡವರೇ. ಭಾನುವಾರ ಬಯಾನಾ ಕೊಡುವುದೆಂದು ಮಾತಾಗಿತ್ತು. ಶನಿವಾರ ಸಂಜೆ ಸಂಗತಿ ನಮ್ಮ ಮೇಜಿಗೆ ಬಂತು. ನಾವು ಯಂತ್ರಶಾಸ್ತ್ರ ಓದಿದವರಲ್ಲ. ಆದರೆ ನಮ್ಮಲ್ಲೊಬ್ಬರು ಮಾನೇಸರದಲ್ಲಿ ಮೋಟಾರು ಕೆಲಸ ಮಾಡುವವರು. ಅವರನ್ನು ಮುಂದಿಟ್ಟುಕೊಂಡು ಮರುದಿನ ಮಾಡಿದ್ದನ್ನೇ ಇಲ್ಲಿ ಪಾಠವಾಗಿ ಬರೆದಿದ್ದೇವೆ.

ಟ್ಯೂನು ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಈ ಊರಿನ ಕಾರ್ಖಾನೆಯಿಂದ 1983ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ಮಾರುತಿ 800ರಲ್ಲಿ ಕಾರ್ಬ್ಯುರೇಟರ್ ಇತ್ತು. ಒಬ್ಬ ಮೇಸ್ತ್ರಿ ತಿರುಗಿಸಿದ ಸ್ಕ್ರೂವನ್ನು ಇನ್ನೊಬ್ಬ ಮೇಸ್ತ್ರಿ ನೋಡಿ ಸರಿಮಾಡಬಹುದಿತ್ತು. ಈಗಿನ ಎಂಜಿನಿನಲ್ಲಿ ಎಷ್ಟು ಪೆಟ್ರೋಲು ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂಬುದೆಲ್ಲ ಇಸಿಯು ಎಂಬ ಪೆಟ್ಟಿಗೆಯಲ್ಲಿ ಅಂಕಿಗಳ ಕೋಷ್ಟಕವಾಗಿರುತ್ತದೆ. ಶಕ್ತಿ ಹೆಚ್ಚಿಸುವವರು ಆ ಕೋಷ್ಟಕವನ್ನೇ ತಿದ್ದಿ ಬರೆಯುವುದುಂಟು, ಇದು ರೀಮ್ಯಾಪ್. ಇನ್ನು ಕೆಲವರು ಕೋಷ್ಟಕವನ್ನು ಮುಟ್ಟುವುದಿಲ್ಲ. ಗಾಳಿಯ ಒತ್ತಡ ಅಳೆಯುವ ಸೆನ್ಸರಿನ ತಂತಿಗೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸುತ್ತಾರೆ. ಅದು ಒತ್ತಡ ಕಡಿಮೆಯಿದೆ ಎಂದು ಇಸಿಯುವಿಗೆ ಸುಳ್ಳು ಹೇಳುತ್ತದೆ. ಇಸಿಯು ಅದನ್ನು ನಂಬಿ ಟರ್ಬೊಗೆ ಇನ್ನಷ್ಟು ಗಾಳಿ ಒತ್ತೆನ್ನುತ್ತದೆ.

ಈ ಗಾಡಿಗೆ ಕಂಪನಿ ಕೊಟ್ಟದ್ದು 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕು. ಅದರ ಏಳು ಗೇರಿನ ಒಣ ಕ್ಲಚ್ಚಿನ ಗೇರ್‌ಬಾಕ್ಸನ್ನು ಕಟ್ಟಿರುವುದು 250ರವರೆಗೆ. ಎಂಜಿನು ಎಷ್ಟು ಕೊಡುತ್ತಿದೆ ಎಂದು ತಿಳಿಯದೆ ಕೊಂಡವನು ಗೇರ್‌ಬಾಕ್ಸಿನ ಖರ್ಚನ್ನೂ ತಿಳಿಯದೆಯೇ ಕೊಂಡಂತೆ.

ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಓಬಿಡಿ ಕಿಂಡಿ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಸಿಕ್ಕಿಸಿ ಮೊದಲು ಸಾಫ್ಟ್‌ವೇರಿನ ಗುರುತು ಸಂಖ್ಯೆಯನ್ನೂ ಅದರ ತಾಳೆ ಸಂಖ್ಯೆಯನ್ನೂ ಓದಿ, ಟ್ಯೂನ್ ಮಾಡದ ಅದೇ ಮಾದರಿಯ ಗಾಡಿಯೊಡನೆ ಹೋಲಿಸಬೇಕು. ಗುರುತು ಒಂದೇ ಇದ್ದು ತಾಳೆ ಬೇರೆಯಾದರೆ ಕೋಷ್ಟಕ ತಿದ್ದಿದ್ದಾರೆಂದು ಸಂಶಯಪಡಬೇಕು. ನಮ್ಮ ಗಾಡಿಯಲ್ಲಿ ಎರಡೂ ಸರಿಯಾಗಿದ್ದವು. ಮಿತ್ರರ ಮುಖ ಅರಳಿತು. ಆದರೆ ಜಾಣ ಟ್ಯೂನರುಗಳು ತಾಳೆಯನ್ನೂ ಕೂಡಿಸಿಡಬಲ್ಲರು; ಸಣ್ಣ ಪೆಟ್ಟಿಗೆಯಂತೂ ಇಲ್ಲಿ ಕಾಣುವುದೇ ಇಲ್ಲ.

ಎರಡನೆಯದಾಗಿ, ದೋಷದ ಸಂಕೇತಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂದು ಕೇಳಬೇಕು. ಇದನ್ನು ಅಗ್ಗದ ಸ್ಕ್ಯಾನರೂ ಹೇಳುತ್ತದೆ, ಕೇಳುವವರೇ ಕಡಿಮೆ. ಉತ್ತರ ಬಂತು: 11 ಕಿಲೋಮೀಟರು. ದೋಷವಿಲ್ಲದ ಗಾಡಿಯ ಸಂಕೇತವನ್ನು ನಿನ್ನೆ ಮೊನ್ನೆ ಅಳಿಸುವ ಅಗತ್ಯ ಯಾರಿಗಿತ್ತು?

ಎಂಜಿನು ಹಚ್ಚದೆ ಕೀಲಿ ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಗುರುಗ್ರಾಮದಲ್ಲಿ ಅದು 97ರಿಂದ 99 ಕಿಲೋಪಾಸ್ಕಲ್. ಎತ್ತರದ ಬೆಂಗಳೂರಿನಲ್ಲಾದರೆ 91ರ ಆಸುಪಾಸು. ನಮ್ಮದು 98 ತೋರಿಸಿತು. ಸೆನ್ಸರು ಸರಿ ಎಂದಾಯಿತು.

ಇನ್ನು ಈ ಪಾಠದ ಮುಖ್ಯ ಭಾಗ, ಪೆಟ್ರೋಲಿನ ತಿದ್ದುಪಡಿ. ಸ್ಕ್ಯಾನರಿನಲ್ಲಿ ಇದನ್ನು ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇಸಿಯು ತನ್ನ ಲೆಕ್ಕಕ್ಕೆ ಮೇಲಿಷ್ಟು ಕೂಡುತ್ತದೆ, ಇಲ್ಲವೆ ಕಳೆಯುತ್ತದೆ. ಸಂಕೇತ ಅಳಿಸಿದಾಗ ಈ ಕಲಿಕೆಯೂ ಬಹುಮಟ್ಟಿಗೆ ಅಳಿಯುವುದರಿಂದ ಅರ್ಧ ಗಂಟೆ ಓಡಿಸಿ ಆಮೇಲೆ ಓದಬೇಕು. ನಾವು ಫರೀದಾಬಾದಿನ ರಸ್ತೆಯಲ್ಲಿ, ಅರಾವಳಿಯ ಏರಿನಲ್ಲಿ, ಮಿತಿಯ ವೇಗದಲ್ಲೇ ಹೋದೆವು. ಒಬ್ಬರು ಓಡಿಸಿದರು, ಇನ್ನೊಬ್ಬರು ಓದಿ ಬರೆದುಕೊಂಡರು. ನಿಂತಲ್ಲಿ ತಿದ್ದುಪಡಿ ಶೇಕಡ 3. ಏರಿನಲ್ಲಿ ಭಾರ ಬಿದ್ದಾಗ 17.

ಎಂಜಿನಿಗೆ ಎಲ್ಲಿಂದಲೋ ಗಾಳಿ ಸೋರಿ ಬರುತ್ತಿದ್ದರೆ ಇದಕ್ಕೆ ತಿರುಗುಮುರುಗು: ನಿಂತಲ್ಲಿ ತಿದ್ದುಪಡಿ ಹೆಚ್ಚು, ಭಾರದಲ್ಲಿ ಕಡಿಮೆ. ಎಥೆನಾಲ್ ಹೆಚ್ಚಿರುವ ಇ20 ಪೆಟ್ರೋಲು ಹಾಕಿದರೂ ತಿದ್ದುಪಡಿ ಮೂರುನಾಲ್ಕು ಅಂಶ ಏರುವುದುಂಟು, ಆದರೆ ಎಲ್ಲ ಹೊತ್ತಿನಲ್ಲೂ ಒಂದೇ ಸಮ ಏರುತ್ತದೆ. ಭಾರದಲ್ಲಿ ಮಾತ್ರ ಏರಿದರೆ ಒಂದೋ ಪೆಟ್ರೋಲಿನ ಪಂಪು, ಇಂಜೆಕ್ಟರು ಸೋತಿವೆ. ಅಥವಾ ಇಸಿಯು ಎಣಿಸಿದ್ದಕ್ಕಿಂತ ಹೆಚ್ಚು ಗಾಳಿ ಒಳಗೆ ಹೋಗುತ್ತಿದೆ. ಬಾನೆಟ್ ತೆಗೆದು ಒತ್ತಡದ ಸೆನ್ಸರಿನ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದೆವು. ಬ್ಯಾಟರಿಯ ಹಿಂದೆ ಕಪ್ಪು ಟೇಪು ಸುತ್ತಿದ ಪೆಟ್ಟಿಗೆ ಸಿಕ್ಕಿತು. ಮಾರುವವರಿಗೂ ಅದು ಹೊಸ ಸುದ್ದಿ.

ಇಲ್ಲಿಗೇ ತೀರ್ಪು ಕೊಡುವುದು ತಪ್ಪು. ಗೊತ್ತಿಲ್ಲದ್ದನ್ನು ತೆಗೆದು ಕಂಪನಿಯ ಸ್ಥಿತಿಗೆ ತಂದು ಮತ್ತೆ ಅಳೆಯಬೇಕು. ಅವರ ಒಪ್ಪಿಗೆಯಿಂದ ಪೆಟ್ಟಿಗೆ ಬಿಚ್ಚಿ ಅದೇ ಏರಿಗೆ ಹೋದೆವು. 17 ಇದ್ದದ್ದು 5ಕ್ಕೆ ಇಳಿಯಿತು. ಪಂಪಿನ ಮೇಲಿನ ಸಂಶಯ ಹೋಯಿತು. ರೀಮ್ಯಾಪ್ ಆಗಿದ್ದರೆ ಕಂಪನಿಯ ಮೂಲ ಕೋಷ್ಟಕವನ್ನು ಮತ್ತೆ ಬರೆಸಿ ಹೀಗೆಯೇ ನೋಡಬೇಕಾಗುತ್ತಿತ್ತು.

ಉಳಿದದ್ದು, ಆ ಪೆಟ್ಟಿಗೆ ಎಂಜಿನಿಗೆ ಏನು ಮಾಡಿತ್ತು ಎಂಬುದು. ಮೇ ತಿಂಗಳ ಬಿಸಿಲು; ಬಿಸಿ ಗಾಳಿಯನ್ನು ಹೆಚ್ಚು ಒತ್ತಿದರೆ, ಕಿಡಿ ಹಾರಿದ ಮೇಲೆ ಜ್ವಾಲೆ ಬಂದು ಮುಟ್ಟುವ ಮೊದಲೇ ಉಳಿದ ಪೆಟ್ರೋಲು ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಆ ಕಂಪನಿಯ ಗಾಡಿಗಳನ್ನು ಆಳವಾಗಿ ಓದುವ ಸ್ಕ್ಯಾನರಿನಲ್ಲಿ ನಾಲ್ಕು ಸಿಲಿಂಡರಿನ ಲೆಕ್ಕ ಬೇರೆಬೇರೆ ಕಾಣುತ್ತದೆ. ಪೆಟ್ಟಿಗೆ ತೆಗೆದ ಮೇಲೂ ಮೂರನೆಯದಕ್ಕೆ ಮಾತ್ರ ಇಸಿಯು ಕಿಡಿಯನ್ನು ಮತ್ತೆ ಮತ್ತೆ ತಡಮಾಡುತ್ತಿತ್ತು. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಅಳೆಸಿದೆವು. ಮೂರು ಸಿಲಿಂಡರು 12 ಬಾರಿನ ಹತ್ತಿರ, ಅದೊಂದು 8.5.

ಕಾಗದಪತ್ರದ ಮಾತನ್ನೂ ಹೇಳಬೇಕು. ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಟ್ಯೂನ್ ಉಳಿಸಿಕೊಳ್ಳುವವರು ವಿಮೆಯವರಿಗೆ ಬರೆದು ತಿಳಿಸಿ, ಬರಹದಲ್ಲೇ ಉತ್ತರ ಪಡೆಯುವುದು ಯುಕ್ತ.

ಮಾರುವವರು ನಲವತ್ತು ಸಾವಿರ ಇಳಿಸುತ್ತೇನೆಂದರು. ಎಂಜಿನು ಬಿಚ್ಚಿ ಕೂಡಿಸಲು ಏನಾಗುತ್ತದೆ ಎಂದು ಮಿತ್ರರು ಮೇಸ್ತ್ರಿಯನ್ನು ಕೇಳಿದರು. ಅವನು ಹೇಳಿದ್ದು ಅದರ ಮೂರು ಪಾಲು. ಬಯಾನಾದ ಲಕೋಟೆಯನ್ನು ಒಳಜೇಬಿಗೆ ಹಾಕಿಕೊಂಡು ಮಿತ್ರರು ನಮ್ಮೊಡನೆ ಮೆಟ್ರೋ ಹತ್ತಿದರು.