ಗಜನಿಗೆ ಬೇಲಿ ಹಾಕುವ ಮುನ್ನ

ತಮ್ಮಾ, 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ನಿಮ್ಮ ಸಂಘದವರಿಗೆ ಉಮೇದು ಬಂದಿದೆ, ಸಂತೋಷ. ಆದರೆ ಮೊದಲ ಕೆಲಸವೇ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಬಯಲಿಗೆ, ದನ, ಎಮ್ಮೆ ಬಾರದಂತೆ ತಂತಿಬೇಲಿ ಎಂದೆಯಲ್ಲ, ಅಲ್ಲಿ ಸ್ವಲ್ಪ ತಡೆ.

ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1982ರಲ್ಲಿ ಹೀಗೇ ಎಮ್ಮೆ ಮೇಯುವುದನ್ನು ನಿಲ್ಲಿಸಿದರು. ಹಳ್ಳಿಗರು ತಿರುಗಿಬಿದ್ದು, ಗೋಲಿಬಾರಾಗಿ ಜನ ಸತ್ತರು. ಆಮೇಲೆ ಎಮ್ಮೆ ತಿಂದು ಹತೋಟಿಯಲ್ಲಿಡುತ್ತಿದ್ದ ನೀರುಹುಲ್ಲು ದಟ್ಟವಾಗಿ ಹಬ್ಬಿ, ಹಕ್ಕಿ ಇಳಿಯುವ ತೆರೆದ ನೀರೇ ಮುಚ್ಚಿಹೋಯಿತು. ಎಮ್ಮೆ ಇದ್ದದ್ದೇ ಒಳ್ಳೆಯದಿತ್ತು ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ನೋಡಿ ಹೇಳಬೇಕಾಯಿತು.

ಹಾಗಂತ ಹಗ್ಗ ಬಿಚ್ಚಿ ಎಲ್ಲೆಂದರಲ್ಲಿ ಬಿಡು ಎನ್ನುತ್ತಿಲ್ಲ. ನಮ್ಮದು ಉಪ್ಪುನೀರಿನ ಸೀಮೆ. ಎಮ್ಮೆಗೆ ಕಾಂಡ್ಲಾ (ಮ್ಯಾಂಗ್ರೋವ್) ಎಲೆ ಸಿಕ್ಕಿದರೆ ಬಿಡುವುದಿಲ್ಲ. ತಿಂದು ಉಳಿದ ಸಸಿ ಗೊರಸಿಗೆ ಸಿಕ್ಕಿ ಕೆಸರಲ್ಲಿ ಹೂತುಹೋಗುತ್ತದೆ. ಹೊಸದಾಗಿ ಕಾಂಡ್ಲಾ ನೆಟ್ಟಲ್ಲಿ ಬೇಲಿ ಬೇಕೇ ಬೇಕು. ಕಗ್ಗ ಭತ್ತ ನಿಂತಿರುವಾಗ ಗಜನಿ ಕಡೆ ದನ ಸುಳಿಯಲೇಬಾರದು. ದನಕ್ಕೆ ಕೆಲಸವಿರುವುದು ಬೇಸಾಯ ಬಿಟ್ಟು ಹುಲ್ಲು ಆಳೆತ್ತರ ಬೆಳೆದ ಜೌಗು ಗದ್ದೆಯಲ್ಲಿ, ಕೆರೆಯಂಚಿನಲ್ಲಿ. ಕುಮಟೆಯಿಂದ ಭಟ್ಕಳದವರೆಗೆ ಅಂಥ ಜಾಗಕ್ಕೇನು ಬರವೇ? ಅಲ್ಲಿ ಹುಲ್ಲು ಗಿಡ್ಡವಾದರೆ ಬೆಳ್ಳಕ್ಕಿ ತಾನಾಗಿ ಬರುತ್ತದೆ, ದನದ ಕಾಲಬುಡದಲ್ಲೇ ಹುಳ ಹೆಕ್ಕುತ್ತದೆ.

ಯಾವ ದನ ಎಂದರೆ, ನಮ್ಮ ಮಲೆನಾಡು ಗಿಡ್ಡವೇ. ಮೂರಡಿ ಎತ್ತರದ ಹಗುರ ಮೈ. ಮಳೆ, ಕೆಸರು, ಒರಟು ಹುಲ್ಲು ಯಾವುದಕ್ಕೂ ಜಗ್ಗುವುದಿಲ್ಲ. ಜರ್ಸಿಯನ್ನು ಅಲ್ಲಿಗೆ ಹೊಡೆಯಬೇಡ, ಗೊರಸು ಕೊಳೆತು ಡಾಕ್ಟರ ಬಾಗಿಲು ಕಾಯುತ್ತೀ. ನೀರಿಗಿಳಿದು ಮೇಯಲು ಎಮ್ಮೆಯೇ ಸರಿ. ಜೌಗಿನ ಬಸವನಹುಳುವಿನಿಂದ ದನದ ಪಿತ್ತಜನಕಾಂಗಕ್ಕೆ ಚಪ್ಪಟೆ ಹುಳ ಸೇರುತ್ತದೆ, ಅದಕ್ಕೆ ಔಷಧಿ ತಪ್ಪಿಸಬೇಡ. ಆದರೆ ಕೆಲವು ಜಂತಿನ ಔಷಧಿ ಸಗಣಿಯಲ್ಲೂ ಇಳಿದು ಸಗಣಿಹುಳವನ್ನು ಕೊಲ್ಲುತ್ತದೆ. ಯಾವುದು ಕೊಡಬೇಕು, ಎಷ್ಟು ದಿನ ಕೊಟ್ಟಿಗೆಯಲ್ಲೇ ಕಟ್ಟಬೇಕು ಎಂದು ಪಶುವೈದ್ಯರನ್ನು ಕೇಳಿಯೇ ಕೊಡು.

ಎಷ್ಟು ದನ ಎಂಬ ಲೆಕ್ಕವೂ ಇರಲಿ. ನೆದರ್ಲೆಂಡ್ಸಿನ ಊಸ್ಟ್‌ವಾರ್ಡರ್ಸ್‌ಪ್ಲಾಸನ್ ಜೌಗಿನಲ್ಲಿ ಕುದುರೆ, ದನಗಳನ್ನು ಅವುಗಳ ಪಾಡಿಗೆ ಬಿಟ್ಟು, 2017-18ರ ಚಳಿಗಾಲಕ್ಕೆ ಮೇವು ಸಾಲದೆ ಸಾವಿರಾರು ಪ್ರಾಣಿಗಳು ಹೋದವು. ಹಸಿವಿನಿಂದ ಸಾಯುವ ಮೊದಲೇ ಗುಂಡಿಕ್ಕಿದ್ದೇ ಹೆಚ್ಚು.

ಬೇಲಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಅರ್ಧವನ್ನು ದನ ಕಾಯುವವನ ಸಂಬಳಕ್ಕೆ ಇಡಿ. ಮುಂದಿನ ಸಭೆಗೆ, ಕೊಟ್ಟಿಗೆಯಲ್ಲಿ ಇನ್ನೂ ಗಿಡ್ಡ ಕಟ್ಟಿರುವ ಮನೆಗಳ ಹೆಂಗಸರನ್ನು ತಪ್ಪದೆ ಕರೆ. ಯಾವ ತಿಂಗಳು ಎಲ್ಲಿಗೆ ಹೊಡೆಯಬೇಕೆಂಬುದನ್ನು ಅವರೇ ಹೇಳಲಿ.