12 ಜೆರ್ಸಿ, 200 ನಿಮಿಷ: ಮುಂದಿನ ಸಾಲಿನ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ



ಪಿಯು ಕಾಲೇಜಿನ ತಂಡದಲ್ಲಿ ಯಾರೇ ಆಗಲಿ, ಎರಡೇ ವರ್ಷ. ಆಟ ಕೈಗೆ ಹತ್ತುವ ಹೊತ್ತಿಗೆ ದ್ವಿತೀಯ ಪಿಯು ಪರೀಕ್ಷೆ ಬಂದಿರುತ್ತದೆ. ಈ ಬಾರಿ ನಮ್ಮ ತಂಡದ 12 ಮಂದಿಯಲ್ಲಿ 8 ಮಂದಿ ಹೊರಡುತ್ತಿದ್ದಾರೆ. ಉಳಿಯುವವರು ನಾಲ್ವರು, ಅವರಲ್ಲಿ ನಾನೂ ಒಬ್ಬ. “ಮುಂದಿನ ವರ್ಷ ತಂಡ ಮುಗೀತು ಬಿಡು” ಎಂದು ಎಲ್ಲರೂ ಹೇಳುತ್ತಿದ್ದಾರೆ. ವಾಣಿಜ್ಯ ವಿಭಾಗದವನಾದ ನಾನು ಒಮ್ಮೆ ಲೆಕ್ಕ ಹಾಕಿ ನೋಡಿದೆ.

ನಿಯಮದಂತೆ ಪಂದ್ಯ 10 ನಿಮಿಷಗಳ 4 ಅವಧಿ, ಒಟ್ಟು 40 ನಿಮಿಷ. ಅಂಕಣದಲ್ಲಿ ನಮ್ಮವರು 5 ಮಂದಿ. 40 × 5 = 200. ಅಂದರೆ ಒಂದು ಪಂದ್ಯಕ್ಕೆ ತಂಡ ತುಂಬಬೇಕಾದ ಆಟದ ನಿಮಿಷಗಳು 200. ಹಳಬರು ನಾಲ್ವರು ತಲಾ 30 ನಿಮಿಷ ಆಡಿದರೆ 120 ಆಯಿತು. ಬಾಕಿ 80. ಇದಕ್ಕೆ ಸ್ಟಾರ್ ಆಟಗಾರ ಬೇಕಿಲ್ಲ. ತಲಾ 10 ನಿಮಿಷ ಚೆನ್ನಾಗಿ ಆಡಬಲ್ಲ 8 ಹೊಸಬರು ಸಾಕು. ಹಳಬರಲ್ಲಿ ಒಬ್ಬ 5 ಫೌಲ್ ಮಾಡಿ ಹೊರಬಿದ್ದರೂ ಬೆಂಚಿನಲ್ಲಿ ಜನ ಇರುತ್ತಾರೆ.

ಕೊರತೆ ಎಲ್ಲಿದೆ? ಉಳಿದವರಲ್ಲಿ ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್. ಸೆಂಟರ್ ಒಬ್ಬನೂ ಇಲ್ಲ. ರೀಬೌಂಡ್ ಹಿಡಿಯುವವರು ಮೊದಲು ಬೇಕು.

ಅಂಥ ಹುಡುಗ ಇದ್ದ. ಕೆ.ಆರ್. ಪೇಟೆ ಕಡೆಯಿಂದ ಬರುವ, ನಮಗಿಂತ ಎತ್ತರದ ಸಹಪಾಠಿ. ಎರಡು ವಾರ ಅಭ್ಯಾಸಕ್ಕೆ ಬಂದು ಬಿಟ್ಟ. ಆಟ ಬಾರದೆ ಬಿಟ್ಟದ್ದಲ್ಲ. ಸಂಜೆ ಅಭ್ಯಾಸ ಮುಗಿಸಿ ಬಸ್ ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟೂವರೆ. ನಾಗಮಂಗಲದಿಂದ ಬರುವವರ ಕಥೆಯೂ ಇದೇ. ಪಾಂಡವಪುರದವರಿಗೆ ಬಸ್ಸಿನ ಜೊತೆ ರೈಲಾದರೂ ಇದೆ. ನನ್ನ ಮನೆ ಗಂಜಾಮ್‌ನಲ್ಲಿ, ಸೈಕಲ್ಲಿಗೆ ಹತ್ತು ನಿಮಿಷ. ನನಗೆ ಜೆರ್ಸಿ ಸಿಕ್ಕಿದ್ದು ಆಟದಿಂದಲೋ, ಮನೆ ಹತ್ತಿರ ಇದ್ದುದರಿಂದಲೋ ಎಂದು ಈಗ ಅನುಮಾನ ಬರುತ್ತಿದೆ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ಅವರ ತರಗತಿಯಲ್ಲಿ 18 ವಿದ್ಯಾರ್ಥಿಗಳಿದ್ದರು. ಅವರು 9 ಮಂದಿಯ ಎರಡು ತಂಡ ಮಾಡಿ ಎಲ್ಲರನ್ನೂ ಆಡಿಸಿದರು. ಇರುವವರೆಲ್ಲರಿಗೂ ಜಾಗ ಮಾಡಿಕೊಡುವುದು ಈ ಆಟದ ಹುಟ್ಟುಗುಣ.

ಅದಕ್ಕೆ ನನ್ನ ಸಲಹೆ ಮೂರು:

1. ಪೂರ್ಣ ತಂಡದ ಅಭ್ಯಾಸ ಶನಿವಾರ ಅರ್ಧ ದಿನದ ತರಗತಿ ಮುಗಿದ ಮೇಲೆ ಇರಲಿ. ಹಗಲಲ್ಲೇ ಬಸ್ ಸಿಗುತ್ತದೆ.

2. ಉಳಿದ ದಿನ ಊಟದ ಬಿಡುವಿನಲ್ಲಿ, ಜುಹರ್ ನಮಾಜ್ ಆದ ಮೇಲೆ, 20 ನಿಮಿಷ ಫ್ರೀ ಥ್ರೋ ಮತ್ತು ಪಾಸಿಂಗ್. ಶುಕ್ರವಾರ ಬೇಡ.

3. ಪಾಲುದಾರ ನಿವೃತ್ತನಾದರೆ ಸಂಸ್ಥೆ ಮುಚ್ಚುವುದಿಲ್ಲ, ಪುನರ್‌ರಚನೆಯಾಗುತ್ತದೆ ಎಂದು ಲೆಕ್ಕಶಾಸ್ತ್ರ ಹೇಳುತ್ತದೆ. ಹೊರಡುವ ಸೀನಿಯರ್‌ಗಳು ಪರೀಕ್ಷೆ ಮುಗಿದ ಮೇಲೆ ತಲಾ ಒಬ್ಬ ಹೊಸಬನಿಗೆ ತಮ್ಮ ಸ್ಥಾನದ ಆಟ ಕಲಿಸಿಕೊಡಲಿ.

ಹೀಗೆ ಮಾಡಿದರೆ ಜಿಲ್ಲಾ ಮಟ್ಟಕ್ಕೆ ಮಂಡ್ಯಕ್ಕೆ ಹೋಗುವಾಗ ನಮ್ಮಲ್ಲಿ 12 ಮಂದಿ ಆಡುವವರೇ ಇರುತ್ತಾರೆ. ಆ ಎತ್ತರದ ಗೆಳೆಯ ಮರಳಿ ಬಂದರೆ ನನ್ನ 30 ನಿಮಿಷ 20 ಆಗಬಹುದು. ಆಗಲಿ. ಒಟ್ಟು ಮೊತ್ತ 200 ಬಂದರೆ ಸಾಕು.

ಆಸಕ್ತರು ದೈಹಿಕ ಶಿಕ್ಷಣ ಉಪನ್ಯಾಸಕರ ಬಳಿ ಹೆಸರು ಕೊಡಿ. ಹೆಸರಿನ ಪಕ್ಕದಲ್ಲಿ ನಿಮ್ಮ ಬಸ್ಸಿನ ಸಮಯವನ್ನೂ ಬರೆಯಿರಿ.